ನಭರಾಜನ ಹೆಗಲ ಮೇಲಿನ ಕೌದಿ

ಮೋರಖಂಡಿಯಲ್ಲಿ ಕೋಳಿ ಕೂಗುವುದು ನಿಲ್ಲುವ ಮೊದಲೇ ಅಂಬುಬಾಯಿ ಅಂಗಳದಲ್ಲಿ ಕೌದಿ ಹಾಸುತ್ತಾರೆ. ಸೂರ್ಯ ಇನ್ನೂ ತೊಗರಿ ಹೊಲದ ಅಂಚಿನಲ್ಲಿದ್ದಾನೆ. ಬೆಳಕು ಬಟ್ಟೆಯ ಮೇಲೆ ಅಡ್ಡಲಾಗಿ ಬೀಳುತ್ತದೆ, ಒಂದೊಂದು ಹೊಲಿಗೆಗೂ ಸಣ್ಣ ನೆರಳು ಹುಟ್ಟುತ್ತದೆ. "ಹೊತ್ತು ಮ್ಯಾಲ ಬಂತಂದ್ರ ಸಾಲು ಕಾಣಂಗಿಲ್ರಿ," ಎನ್ನುತ್ತಾರೆ ಅವರು, ಸೂಜಿಗೆ ದಾರ ಪೋಣಿಸುತ್ತ. "ಈಗ ನೋಡ್ರಿ, ಒಂದು ಟಾಕಾ ಸೊಟ್ಟ ಇದ್ರೂ ಸಿಗ್ತದ."

ಹಳೆಯ ಸೀರೆಗಳನ್ನು ನಾಲ್ಕು ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ನಡುವಿನ ಕಡೆಗೆ ಹೊಲಿಯುತ್ತ ಹೋಗುವುದು ಕೌದಿಯ ಕ್ರಮ. ಅಂಬುಬಾಯಿ ಈಚೆ ಅಂಚಿನಲ್ಲಿ ಕೂತಿದ್ದಾರೆ. ಆಚೆ ಅಂಚಿನಲ್ಲಿ, ಬಟ್ಟೆ ಜಾರದಂತೆ, ಒಂದು ಗುಂಡುಕಲ್ಲು ಇದೆ. ಒಂದು ಬದಿ ಮುಗಿದಾಗ ಅವರು ಮಂಡಿ ಹಿಡಿದುಕೊಂಡು ಏಳುತ್ತಾರೆ, ಕಲ್ಲನ್ನು ಈಚೆಗೆ ತಂದಿಟ್ಟು ತಾವು ಆಚೆಗೆ ಹೋಗಿ ಕೂರುತ್ತಾರೆ.

"ಅತ್ತಿ, ಆ ಕಡಿ ನಾ ಕೂಡಲೇನು?" ಎಂದು ಒಳಗಿನಿಂದ ಸೊಸೆ ಸರುಬಾಯಿ ಕೇಳುತ್ತಾಳೆ.

"ನೀ ರೊಟ್ಟಿ ಬಡಿ ಹೋಗವ್ವಾ. ನಿನ್ನ ಕೈ ಜೋರದ."

ಸರುಬಾಯಿಗೆ ನಗು. "ಹತ್ತು ವರ್ಷ ಆತ್ರಿ ನಾ ಈ ಮನಿಗೆ ಬಂದು. ದಿನಾ ಕೇಳ್ತೀನಿ. ಆ ಜಾಗಾ ಕಲ್ಲಿಗೆ ಬರದು ಕೊಟ್ಟಾರ."

ಐವತ್ತಕ್ಕೆ ಎರಡು ಕಡಿಮೆ ವಯಸ್ಸಿನ ಈ ಕೂಲಿ ಹೆಂಗಸಿನ ಹೊಲಿಗೆಯನ್ನು ಈಗ ಹನ್ನೆರಡು ವಾರಗಳಿಂದ, ಪ್ರತಿ ಭಾನುವಾರ ಬೆಳಿಗ್ಗೆ, ಊರೂರಿನ ಟೀವಿಗಳ ಮುಂದೆ ಕೂತ ಜನ ಕಣ್ಣರಳಿಸಿ ನೋಡುತ್ತಿದ್ದಾರೆ. 'ನಭರಾಜ' ಧಾರಾವಾಹಿಯ ನಾಯಕ ಕೋಟೆಯ ಬುರುಜಿನಿಂದ ಹಾರುವಾಗ ಬೆನ್ನ ಹಿಂದೆ ರೆಕ್ಕೆಯಂತೆ ಬಿಚ್ಚಿಕೊಳ್ಳುವ ಆ ಅಗಲವಾದ ಹೊದಿಕೆ ಅಂಬುಬಾಯಿ ಹೊಲಿದದ್ದು. ಸರಿಯಾಗಿ ಹೇಳಬೇಕೆಂದರೆ, ಅರ್ಧ ಹೊಲಿದದ್ದು. ಕೊನೆಯಲ್ಲಿ ಓಡುವ ಹೆಸರುಗಳ ಸಾಲಿನಲ್ಲಿ ಅವರ ಹೆಸರಿಲ್ಲ. ಉಳಿದರ್ಧ ಹೊಲಿದ ಸೋನುಬಾಯಿಯ ಹೆಸರೂ ಇಲ್ಲ.

ಇಬ್ಬರೂ ಹುಮನಾಬಾದಿನ ಒಂದೇ ಓಣಿಯ ಹುಡುಗಿಯರು. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಐವತ್ತಾರರಲ್ಲಿ ಅಂಬುಬಾಯಿ ಕಾಶಿರಾಮನ ಕೈ ಹಿಡಿದು ಮೋರಖಂಡಿಗೆ ಬಂದರು. ಮರುವರ್ಷ ಸೋನುಬಾಯಿ ಅವರ ಮನೆಯ ಹಿಂದಿನ ಮನೆಗೇ ಸೊಸೆಯಾಗಿ ಬಂದರು. "ನಾನಽ ಆಕೀ ಅತ್ತಿಗೆ ಹೇಳಿ ತರಿಸಿಕೊಂಡೀನಿ," ಎಂದು ಅಂಬುಬಾಯಿ ಈಗಲೂ ಹೇಳಿಕೊಳ್ಳುತ್ತಾರೆ. "ಹುಡುಗಿ ಛಲೋ ಅದ, ಕೆಲಸಕ್ಕ ಗಟ್ಟಿ ಅದ ಅಂದೆ. ಖರೇ ಅಂದ್ರ ನನಗ ಒಬ್ಬಾಕಿಗೆ ಇಲ್ಲಿ ಬ್ಯಾಸರ ಇತ್ತು."

ಹಗಲು ಹೊಲದಲ್ಲಿ ಕಳೆ, ತೊಗರಿ, ಜೋಳದ ಸುಗ್ಗಿ. ಬೆಳಗಿನ ಎರಡು ತಾಸು, ಸಂಜೆಯ ಒಂದು ತಾಸು ಕೌದಿ. ಎದುರುಬದುರು ಕೂತು ಹೊಲಿದರೆ ಒಂದು ಕೌದಿಗೆ ಹನ್ನೆರಡು ದಿನ. ಅಂಬುಬಾಯಿ ಒಬ್ಬರೇ ಕೂತರೆ ಇಪ್ಪತ್ತಾರು. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇಬ್ಬರ ಕೈಯ ಎಳೆತ ಒಂದೇ ಇರಬೇಕು. ಒಬ್ಬರು ದಾರ ಬಿಗಿ ಮಾಡಿ ಇನ್ನೊಬ್ಬರು ಸಡಿಲ ಬಿಟ್ಟರೆ ಕೌದಿ ಒಂದು ಕಡೆಗೆ ವಾಲುತ್ತದೆ. ಇವರಿಬ್ಬರದು ವಾಲಿದ್ದನ್ನು ಹುಲಸೂರಿನಿಂದ ಬಸವಕಲ್ಯಾಣದವರೆಗೆ ಯಾರೂ ನೋಡಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಮಕ್ಕಳು ಹುಟ್ಟಿದ್ದು, ಒಂದೆರಡು ಹೋದದ್ದು, ಗಂಡಂದಿರ ಮೇಲಿನ ಸಿಟ್ಟು, ಯಾರಿಗೂ ಹೇಳದ ಮಾತು, ಎಲ್ಲವೂ ಆ ಬಟ್ಟೆಯ ಎರಡು ಅಂಚುಗಳ ನಡುವೆ ಓಡಾಡಿದವು.

ಎಪ್ಪತ್ತಾರರಲ್ಲಿ ಸೋನುಬಾಯಿಯ ತಾಯಿ ತೀರಿಕೊಂಡರು. ತವರಿನಿಂದ ಸೋನುಬಾಯಿ ತಂದದ್ದು ಒಂದೇ, ಅವ್ವನ ಕೆಂಪು ಸೆರಗಿನ ಸವೆದ ಸೀರೆ. ಅದನ್ನು ತನ್ನ ಕೌದಿಯ ಒಳಪದರಕ್ಕೆ ಹಾಕಿಕೊಂಡು ಮಲಗಬೇಕೆಂದು, ತನ್ನ ಹಳೆ ಸೀರೆಗಳ ಜೊತೆ ಗಂಟು ಕಟ್ಟಿ ಗೆಳತಿಯ ಮನೆಯಲ್ಲಿಟ್ಟು, ಮಗಳ ಬಾಣಂತನಕ್ಕೆ ಹೋದರು. ಅದೇ ವಾರ ಬೇರೆ ಊರಿಗೆ ವರ್ಗವಾಗಿದ್ದ ಒಂದು ಮನೆಯವರ ಕೌದಿ ಅಂಬುಬಾಯಿಯ ಕೈಯಲ್ಲಿತ್ತು. ಅವರು ಕೊಟ್ಟಿದ್ದ ಹಳೆ ಸೀರೆಗಳೂ ಅಂಥದ್ದೇ ಇನ್ನೊಂದು ಗಂಟಿನಲ್ಲಿದ್ದವು. ಅಂಬುಬಾಯಿ ಗಂಟು ಬಿಚ್ಚಿದರು, ಹಾಸಿದರು, ಹೊಲಿದರು.

"ಪೂರಾ ಹೊಲಿದ ಮ್ಯಾಲ ಮೂಲ್ಯಾಗ ಇನ್ನೊಂದು ಗಂಟು ಕಂಡ್ತು. ಬಿಚ್ಚಿ ನೋಡಿದೆ. ಅವು ಆ ಮನಿಯವ್ರ ಸೀರಿ." ಅಂಬುಬಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೈ ಬಿಡುತ್ತಾರೆ. "ಹೊಲಿಗಿ ಬಿಚ್ಚಾಕ ನಾಕು ದಿನ ಬೇಕು. ಅವ್ರ ಲಾರಿ ಮರುದಿನ ಮುಂಜಾನಿ. ಕೊಟ್ಟುಬಿಟ್ಟೆ. ತಪ್ಪಾಗ್ಯಾದ, ಜರಾ ತಡೀರಿ ಅನ್ನಾಕ ಬಾಯಿ ಬರಲಿಲ್ಲ. ಸೋನೂ ಬಂದ ಮ್ಯಾಲೂ ಹದಿನೈದು ದಿನ ಹೇಳಲಿಲ್ಲ. ಆಕೀನಽ ಕೇಳಿದಳು, ಎಲ್ಲದ ನಮ್ಮವ್ವನ ಸೀರಿ ಅಂತ."

ಆ ದಿನ ಎದ್ದುಹೋದ ಸೋನುಬಾಯಿ ಮತ್ತೆ ಎದುರು ಕೂರಲಿಲ್ಲ. ಎರಡು ವರ್ಷದ ನಂತರ, ಗಂಡ ತೀರಿಕೊಂಡ ಮೇಲೆ, ಹುಮನಾಬಾದಿನ ಮಗಳ ಮನೆಗೆ ಹೊರಟುಹೋದರು. ಆ ಎರಡು ವರ್ಷ ಹಿಂದಿನ ಮನೆಯಲ್ಲೇ ಇದ್ದರೂ ನೀರಿಗೆ ಬೇರೆ ದಾರಿ ಹಿಡಿದು ಹೋಗುತ್ತಿದ್ದರಂತೆ.

ಮಾತು ಬಿಟ್ಟು ಹನ್ನೊಂದು ವರ್ಷವಾದ ಮೇಲೆ, ಹೋದ ಚಳಿಗಾಲದಲ್ಲಿ, ಧಾರಾವಾಹಿಯವರು ಬಸವಕಲ್ಯಾಣದ ಕೋಟೆಗೆ ಬಂದಿಳಿದರು. ಅವರು ತಂದಿದ್ದ ಮಿರುಗುವ ನುಣುಪು ಬಟ್ಟೆಯ ಹೊದಿಕೆ ಬುರುಜಿನ ಗಾಳಿಗೆ ನಾಯಕನ ಮುಖಕ್ಕೇ ಸುತ್ತಿಕೊಳ್ಳುತ್ತಿತ್ತು. ಪೇಟೆಯಲ್ಲಿ ದರ್ಜಿ ಅಂಗಡಿ ಇಟ್ಟಿರುವ ಮೊಹಿನುದ್ದೀನ್ ಅವರ ಮನೆಗೆ ಅದನ್ನು ಸರಿಮಾಡಿಸಲು ಬಂದ ನಿರ್ದೇಶಕರ ಕಣ್ಣಿಗೆ ಗೋಡೆಗೆ ನೇತುಹಾಕಿದ್ದ ಹಳೆಯ ಕೌದಿ ಬಿತ್ತು. ಇಂಥದ್ದೇ ಬೇಕು, ಭಾರವಾಗಿ ಇಳಿಬೀಳಬೇಕು, ಇಬ್ಬರನ್ನು ಮುಚ್ಚುವಷ್ಟು ಅಗಲ ಇರಬೇಕು, ಆರು ದಿನದಲ್ಲಿ ಬೇಕು ಎಂದರು. ಕಥೆಯಲ್ಲಿ ನಭರಾಜನೂ ಅವನ ವೈರಿ ಕಾಲಕೂಟನೂ ಒಂದು ಕಾಲದ ಜೀವದ ಗೆಳೆಯರು. ಊರನ್ನು ಉಳಿಸಲು ಇಬ್ಬರೂ ಒಂದೇ ಹೊದಿಕೆಯಡಿ ಬೆಂಕಿ ದಾಟಬೇಕಾದ ಪ್ರಸಂಗವಿದೆ.

"ಆರು ದಿನದಾಗ ಒಬ್ಬರ ಕೈಯಿಂದ ಆಗೂ ಮಾತಲ್ಲ," ಎನ್ನುತ್ತಾರೆ ಮೊಹಿನುದ್ದೀನ್. "ಬ್ಯಾರೆ ಇಬ್ಬರನ್ನ ಕೂಡಿಸಿದ್ರ ವಾಲ್ತದ. ಹೀರೋ ಆಕಾಶದಾಗ ಸೊಟ್ಟಗೆ ಹಾರಬೇಕಾಗ್ತದ. ಇಡೀ ತಾಲೂಕಿನ್ಯಾಗ ಜೋಡಿ ಕೈ ಅಂದ್ರ ಇವರದಽ. ಮೋರಖಂಡಿಗೆ ಹೋಗಿ, ಸೋನುಬಾಯಿ ಒಪ್ಯಾರ ಅಂದೆ. ಹುಮನಾಬಾದಿಗೆ ಹೋಗಿ, ಅಂಬುಬಾಯಿ ಒಪ್ಯಾರ ಅಂದೆ. ಎರಡೂ ಸುಳ್ಳು. ಅಲ್ಲಾ ಮಾಫ್ ಮಾಡ್ಲಿ."

ಮೊಹಿನುದ್ದೀನರ ಮನೆಯ ಒಳ ಅಂಗಳದಲ್ಲಿ ಬಟ್ಟೆ ಹಾಸಲಾಯಿತು. ಮೂರು ಹೊತ್ತೂ ಅದೇ ಕೆಲಸ. ಇಬ್ಬರೂ ತಮ್ಮ ತಮ್ಮ ಅಂಚಿನಲ್ಲಿ ಕೂತರು, ಒಬ್ಬರ ಮುಖ ಒಬ್ಬರು ನೋಡದೆ. ಮಾತೆಲ್ಲ ಮನೆಯೊಡತಿ ವಹೀದಾ ಅವರ ಮೂಲಕ.

"ವಹೀದಾ ಭಾಬಿ, ಆ ಬಾಯಿಗೆ ಹೇಳ್ರಿ, ದಾರ ಜಗ್ಗಬ್ಯಾಡಂತ. ಅರಿವಿ ನೆರಿಗಿ ಬೀಳಾಕತ್ತದ," ಎಂದರು ಸೋನುಬಾಯಿ.

"ಭಾಬಿ, ಅವ್ರಿಗೆ ಹೇಳ್ರಿ, ನಾ ಜಗ್ಗೂದು ಮೊದ್ಲಿಂದ ಹಿಂಗಽ. ಇಪ್ಪತ್ತು ವರ್ಷ ನಡೀತಿತ್ತು."

"ಇಪ್ಪತ್ತು ವರ್ಷ ಎಲ್ಲಾನೂ ನಡಸ್ಕೊಂಡೆ ಅಂತ ಹೇಳ್ರಿ."

"ಯಾ ಅಲ್ಲಾ!" ವಹೀದಾ ಕೈಯಲ್ಲಿದ್ದ ಚಹದ ಬಟ್ಟಲನ್ನು ಕೆಳಗಿಟ್ಟರಂತೆ. "ನಾ ಏನು ಟಪಾಲಿನಾಕಿ ಏನು? ನಾಕು ಮೊಳ ದೂರ ಕುಂತೀರಿ. ಕಿವಿ ಇಬ್ಬರ್ದೂ ಛಲೋ ಅವ."

ಮೂರನೆಯ ದಿನದ ಹೊತ್ತಿಗೆ ಬೈಗಳೂ ನಿಂತು ಬರೀ ದಾರ ಎಳೆಯುವ ಸಪ್ಪಳ ಉಳಿಯಿತು. ಮೊಹಿನುದ್ದೀನ್ ಒಂದು ಸಂಜೆ ಅಳತೆ ಪಟ್ಟಿ ಹಿಡಿದು ನೋಡಿದರು. ಎರಡೂ ಬದಿಯ ಸಾಲುಗಳು ಒಂದೇ ಅಂತರದಲ್ಲಿದ್ದವು. ಬಾಯಿ ಹನ್ನೊಂದು ವರ್ಷ ಮರೆತದ್ದನ್ನು ಕೈ ಮರೆತಿರಲಿಲ್ಲ.

ಆರನೆಯ ದಿನ ಇಬ್ಬರ ಸೂಜಿಗಳೂ ನಡುವಿಗೆ ಬಂದವು. ಅಂಗೈಯಗಲದ ಜಾಗ ಉಳಿದಿತ್ತು. ಕೌದಿ ಮುಚ್ಚುವ ಮೊದಲು ಆ ಬಾಯಿಯೊಳಗೆ ರೊಟ್ಟಿಯ ಒಂದು ಚೂರು ಇಡುವುದು ಇವರ ಮನೆತನಗಳ ಪದ್ಧತಿ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ನಂಬಿಕೆ. ಧಾರಾವಾಹಿಯ ಬಟ್ಟೆ ನೋಡಿಕೊಳ್ಳುವವರು ಬೇಡವೇ ಬೇಡ ಎಂದರು. ಇರುವೆ ಹತ್ತುತ್ತದೆ, ಇಲಿ ಕಡಿಯುತ್ತದೆ, ಇದು ಮಲಗುವ ಹಾಸಿಗೆಯಲ್ಲ ಎಂದರು. ಎರಡು ಸೂಜಿಗಳೂ ಒಟ್ಟಿಗೆ ನಿಂತವು.

"ಭಾಬಿ," ಎಂದರು ಸೋನುಬಾಯಿ, ತಲೆಯೆತ್ತದೆ. "ಇವ್ರಿಗೆ ಹೇಳ್ರಿ, ಉಪಾಸ ಇರೂ ಕೌದಿ ನಾವು ಕೊಡಂಗಿಲ್ಲ."

ಇದನ್ನು ಹೇಳುವಾಗ ಅಂಬುಬಾಯಿಯ ದನಿ ಸಣ್ಣದಾಗುತ್ತದೆ. "ನಾವು ಅಂದಳು ನೋಡ್ರಿ. ನಾ ಅನ್ನಲಿಲ್ಲ. ಆಕೀನಽ ರೊಟ್ಟಿ ಮುರದು ಒಳಗ ಇಟ್ಟಳು, ಎರಡು ಬೆರಳಿನಿಂದ ಅರಿವಿ ಕೂಡಿಸಿ ಹಿಡದಳು. ನಾ ಹೊಲಿದೆ. ಆಕೀ ಬೆರಳಿಗೆ ಸೂಜಿ ತಾಗಬಾರದಂತ ಎಷ್ಟು ಸಾವಕಾಶ ಹೊಲಿದೀನಿ ಅಂದ್ರ, ಅಷ್ಟು ಸಾವಕಾಶ ನನ್ನ ಜೀವನದಾಗ ಹೊಲಿದಿಲ್ಲ. ಮುಗೀಬಾರದಿತ್ತು."

ಮುಗಿಯಿತು. ಸೋನುಬಾಯಿ ಕೈ ತೊಳೆದುಕೊಂಡು ನಾಲ್ಕು ಗಂಟೆಯ ಹುಮನಾಬಾದ್ ಬಸ್ಸು ಹತ್ತಿದರು. ಬರ್ತೀನಿ ಎನ್ನಲಿಲ್ಲ.

ಈಗ ಪ್ರತಿ ಐತವಾರ ಅಂಬುಬಾಯಿ ಬೆಳಗಿನ ಕೌದಿಯನ್ನು ಬೇಗ ಮಡಚಿ ಪಂಚಾಯತಿ ಕಟ್ಟೆಗೆ ಹೋಗುತ್ತಾರೆ. ಅಲ್ಲಿಯ ಟೀವಿ ಕಪ್ಪುಬಿಳುಪಿನದು. ಹೊದಿಕೆಯ ಹಳದಿ, ಹಸಿರು, ಕುಂಕುಮ ಎಲ್ಲ ಒಂದೇ ಬೂದಿ ಬಣ್ಣ. ಹಿಂದಿ ಮಾತು ಅರ್ಧ ತಿಳಿಯುತ್ತದೆ. ನಭರಾಜ ಯಾರನ್ನು ಹೊಡೆದ, ಯಾಕೆ ಹೊಡೆದ ಎಂಬುದರ ಮೇಲೆ ಅವರಿಗೆ ಗಮನವಿಲ್ಲ. "ನೀ ಮೋತಿ ನೋಡೂದು ಬಿಟ್ಟು ಬೆನ್ನಽ ನೋಡ್ತಿಯಲ್ಲ ಅಂಬಕ್ಕಾ, ಇಷ್ಟು ಛಂದ ಅದಾನ ಅಂವ," ಎಂದು ಪಕ್ಕದ ಹೆಂಗಸರು ಚುಡಾಯಿಸುತ್ತಾರೆ. ಅವರು ತಿರುಗಿಯೂ ನೋಡುವುದಿಲ್ಲ. "ಈ ಹೊತ್ತಿಗೆ ಆಕಿನೂ ನೋಡಾಕತ್ತಿರ್ತಾಳ," ಎನ್ನುತ್ತಾರೆ. "ಇಬ್ಬರೂ ಒಂದಽ ಅರಿವಿ ನೋಡಾಕತ್ತೀವಿ ಅನಸ್ತದ. ಅರ್ಧಾ ತಾಸು."

ಹುಮನಾಬಾದಿನಲ್ಲಿ ಸೋನುಬಾಯಿ ಮಗಳ ಮನೆಯ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಾರೆ. "ನಾ ಅದನ್ನ ನೋಡಂಗಿಲ್ರಿ," ಎನ್ನುತ್ತಾರೆ ಕೇಳುವ ಮೊದಲೇ. "ಬಾಜೂ ಮನ್ಯಾಗ ಟೀವಿ ಅದ. ಯಾರು ಹೋಗ್ತಾರ?" ಒಂದೆರಡು ಕಲ್ಲು ಆರಿಸಿ ಹೊರಗೆಸೆದು ಮುಂದುವರಿಸುತ್ತಾರೆ. "ಹೋದ ಐತವಾರ ಎಡಗಡಿ ಹೆಗಲಿನ ಮ್ಯಾಲ ಎಳಿ ಬಿಟ್ಟಿತ್ತು. ನೀರಾಗ ಮುಳಗಸ್ತಾರ, ಹಿಂಡ್ತಾರ. ಕೌದಿ ಹಿಂಡಬಾರದಂತ ಒಬ್ಬರಿಗೂ ಗೊತ್ತಿಲ್ಲ."

ಗೆಳತಿಯ ಮಾತು ತೆಗೆದರೆ ಮೊರ ನಿಲ್ಲುತ್ತದೆ. "ಆಕೀ ಹೊಲಿಗಿ ಬಗ್ಗಿ ಒಂದು ಮಾತಿಲ್ಲ. ಹೇಳಬೇಕಾದಾಗ ಬಾಯಿ ಬಿಡಲಿಲ್ಲ, ಅಷ್ಟಽ ನನ್ನ ತಕರಾರು." ಮತ್ತೆ ಬೇಳೆ ಕೇರುತ್ತ, "ಸಿಟ್ಟು ಎಷ್ಟು ದಿನ ಇಟ್ಕೊಳ್ಳೂದ್ರಿ? ಖರೇ, ಹೋಗಾಕ ಒಂದು ಕೆಲಸಂತ ಬೇಕಲ್ಲ. ಸುಮ್ಮ ಸುಮ್ಮನ ಹ್ಯಾಂಗ ಹೋಗೂದು?"

ಗೆಳತಿಯನ್ನು ನೋಡಬೇಕೆಂದೇ ಬಸ್ಸು ಹತ್ತುವ ಹೆಂಗಸು ಈ ಸೀಮೆಯಲ್ಲಿ ಸಿಗುವುದು ಅಪರೂಪ. ಹೆರಿಗೆ ಇರಬೇಕು, ಸಾವು ಇರಬೇಕು, ಇಲ್ಲವೇ ಯಾರಾದರೂ ಕೆಲಸಕ್ಕೆ ಕರೆಯಬೇಕು. ನೋಡುವ ಆಸೆಯೊಂದನ್ನೇ ಕಾರಣವಾಗಿ ಮನೆಯವರ ಮುಂದೆ ಇಡಲು, ತನ್ನ ಮುಂದೆ ತಾನೇ ಇಟ್ಟುಕೊಳ್ಳಲು, ಇಲ್ಲಿನ ಹೆಂಗಸರಿಗೆ ಯಾರೂ ಕಲಿಸಿಲ್ಲ. ಮೂವತ್ತು ಕಿಲೋಮೀಟರಿನ ದಾರಿ ಹಾಗಾಗಿಯೇ ದೂರ.

ಸೋನುಬಾಯಿಯ ಮಾತು ಕೇಳಿಕೊಂಡು ನಾವು ಮೋರಖಂಡಿಗೆ ಮರಳಿದಾಗ ಅಂಬುಬಾಯಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಾರೆ. "ಏನಂದಳ್ರಿ?" ಎನ್ನುತ್ತಾರೆ, ನೀರಿನ ಚೆಂಬು ಕೆಳಗಿಡದೆ. ಎಡ ಹೆಗಲಿನ ಎಳೆಯ ಸುದ್ದಿ ಕೇಳಿ ಅವರ ಮುಖ ಒಮ್ಮೆಲೆ ಅರಳುತ್ತದೆ. ನೋಡುತ್ತಾಳೆ ಎಂದಾಯಿತಲ್ಲ! ಮರುಕ್ಷಣ ಏನೋ ಲೆಕ್ಕ ಹಾಕಿ ಆ ಮುಖ ಬಾಡುತ್ತದೆ. ಮಾಘದಲ್ಲಿ ಧಾರಾವಾಹಿಯವರು ಮುಂದಿನ ಭಾಗಕ್ಕೆ ಮತ್ತೆ ಕೋಟೆಗೆ ಬರುತ್ತಾರೆ, ಹೊದಿಕೆ ದುರಸ್ತಿಗೆ ಬರುತ್ತದೆ ಎಂದು ಮೊಹಿನುದ್ದೀನ್ ಮೊದಲೇ ಹೇಳಿಟ್ಟಿದ್ದಾರೆ.

"ಎಡಗಡಿ ಆಕೀದು," ಎನ್ನುತ್ತಾರೆ ಅಂಬುಬಾಯಿ. "ಬಲಗಡಿ ನಂದು. ಮೂವತ್ತು ವರ್ಷದಾಗ ನನ್ನ ಹೊಲಿಗಿ ಬಿಚ್ಚೇದ ಅಂತ ಯಾರೂ ಬಂದಿಲ್ಲ." ಚೆಂಬು ಕೆಳಗಿಡುತ್ತಾರೆ. ಒಳಗೆ ಸೊಸೆಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ.

"ದಿನಾ ಕೈ ಮುಗದು ಬೇಡ್ಕೊಳ್ಳಾಕತ್ತೀನ್ರಿ, ಆ ಕಾಲಕೂಟ ಒಮ್ಮಿ ಬಲಗಡಿನೂ ಹಿಡದು ಜಗ್ಗಲಿ ಅಂತ. ಬರೀ ಒಂದು ಕಡಿ ಹರದ್ರ ಒಬ್ಬಾಕಿನ್ನಷ್ಟಽ ಕರಸ್ತಾರ."