ನೊರೆ ನಿಂತ ನಾಲ್ಕು ದಿನ

ಸುಧಾಕರ, ನೀನು ಆರಿಸಿಕೊಟ್ಟ ಸ್ಕಿಮ್ಮರಿನಲ್ಲಿ ಯಾವ ದೋಷವೂ ಇರಲಿಲ್ಲ. ನಿನ್ನ ಮೀನುಗಳು ಸತ್ತದ್ದು ನನ್ನಿಂದ. ಮೂರು ವರ್ಷದಿಂದ ಇದನ್ನು ಮುಚ್ಚಿಟ್ಟಿದ್ದೇನೆ.

ಡೊಂಬಿವಿಲಿಯ ನಮ್ಮ ಮನೆಯಲ್ಲಿ ಎರಡಡಿಯ ಉಪ್ಪುನೀರಿನ ಟ್ಯಾಂಕ್ ತೆಗೆದು ನಾಲ್ಕಡಿಯದನ್ನು ಇಟ್ಟಾಗ, ಸ್ಕಿಮ್ಮರ್ ಆರಿಸಲು ಕಲ್ಯಾಣದಿಂದ ನಿನ್ನನ್ನೇ ಕರೆಸಿದ್ದೆವು — ನೀರನ್ನು ಕಡೆದು, ಮೀನಿನ ಹೊಲಸನ್ನು ನೊರೆಯಾಗಿ ಮೇಲಿನ ಬಟ್ಟಲಿಗೆ ಎತ್ತುವ ಆ ಯಂತ್ರ.

"ಡಬ್ಬದ ಮೇಲೆ ಬರೆದ ಲೀಟರ್ ನಂಬ್ಲಿಕ್ಕೆ ಹೋಗ್ಬೇಡಿ ಅತ್ತಿಗೆ. ಮೀನು ಎಷ್ಟು ತಿಂತದೆ, ಅದು ಲೆಕ್ಕ" ಎಂದಿದ್ದೆ ನೀನು.

ನಿಮ್ಮಣ್ಣ ಬಿಟ್ಟಾರೆಯೇ? "ನಿನ್ನ ಅತ್ತಿಗೆ ಮೀನಿಗೂ ಮದುವೆ ಊಟ ಬಡಿಸುದು ಮಾರಾಯ, ದೊಡ್ಡದೇ ತಕೊ!"

ನೀನು ಆರು ವರ್ಷ ಸಾಕಿದ ಕಿತ್ತಳೆ ಬಣ್ಣದ ಮೀನಿನ ಜೋಡಿಯನ್ನೂ ನನ್ನ ಕೈಗೇ ಒಪ್ಪಿಸಿ ಹೋದೆ. ಹೋಗುವಾಗ ಒಂದೇ ಮಾತು — ಎಣ್ಣೆ ಕೈ ಅದ್ದಬೇಡಿ, ನೊರೆ ಬರುವುದೇ ನಿಲ್ಲುತ್ತದೆ.

ಆ ಭಾನುವಾರ ತಲೆಗೆ ತೆಂಗಿನೆಣ್ಣೆ ತಿಕ್ಕಿಕೊಂಡು ಕೂತಿದ್ದೆ. ಟ್ಯಾಂಕಿನೊಳಗೆ ಕಲ್ಲೊಂದು ಜಾರಿತು. ಎದ್ದವಳೇ ಮೊಣಕೈವರೆಗೆ ಕೈಹಾಕಿ ಸರಿಮಾಡಿದೆ — ನೀರಿನ ಮೇಲೆ ಎಣ್ಣೆ ಹೊಳೆದಾಗಲೇ ನಿನ್ನ ಮಾತು ನೆನಪಾಯಿತು. ನೊರೆ ಇಳಿದುಹೋಯಿತು. ನಾಲ್ಕು ದಿನ ಬಟ್ಟಲು ಒಣಗಿಯೇ ಇತ್ತು.

ನೀರು ಬದಲಿಸಬಹುದಿತ್ತು. ನಿನಗೊಂದು ಫೋನ್ ಮಾಡಬಹುದಿತ್ತು. ಇಷ್ಟು ಹೇಳಿದ್ದೂ ತಿಳಿಯಲಿಲ್ಲವೇ ಅಂದುಬಿಟ್ಟರೆ — ಎಂಬ ನಾಚಿಕೆ. ಮೀನಿಗೆ ಎಂದಿನಂತೆ ಕೈತುಂಬ ಹಾಕುತ್ತ, ದಿನವೂ ಬರೆಯುವ ಟ್ಯಾಂಕಿನ ಡೈರಿಯಲ್ಲಿ ನಾಲ್ಕು ದಿನವೂ ‘ನೊರೆ ಚೆನ್ನಾಗಿದೆ’ ಎಂದು ಬರೆದೆ. ಐದನೆಯ ದಿನ ಬೆಳಿಗ್ಗೆ ಎರಡೂ ತೇಲುತ್ತಿದ್ದವು.

ನೀನು ಬಂದೆ. ಡೈರಿಯ ಪುಟ ತಿರುವಿದೆ. "ನೀವು ಬರೆದದ್ದು ತಪ್ಪಾಗ್ಲಿಕ್ಕಿಲ್ಲ ಅತ್ತಿಗೆ. ಮಿಷಿನ್ ನಾನೇ ತಪ್ಪು ಆರಿಸಿದ್ದು."

ನಾನು... ನಿನಗೆ ಇನ್ನೊಂದು ಲೋಟ ಚಹಾ ಬಗ್ಗಿಸಿದೆ. ಅಷ್ಟೇ.

ಈಗ ನೀನೂ ದೊಡ್ಡ ಟ್ಯಾಂಕ್ ಇಡುತ್ತಿದ್ದೀಯಂತೆ. "ನನ್ನ ಆಯ್ಕೆ ಬೇಡ, ಡಬ್ಬದ ಮೇಲೆ ಇದ್ದದ್ದನ್ನೇ ತಕೊಳ್ತೇನೆ" ಎಂದು ನಿಮ್ಮಣ್ಣನ ಹತ್ತಿರ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಡಬ್ಬದ ಲೀಟರ್ ನಂಬಿ, ಸಾಲದಷ್ಟು ಚಿಕ್ಕದನ್ನು ತರುತ್ತೀಯ. ಸರಿಯಾಗಿ ತಿಳಿದ ನೀನು ನನ್ನ ಸುಳ್ಳನ್ನು ನಂಬಿ ನಿನ್ನನ್ನೇ ನಂಬದವನಾದೆ. ಎರಡು ಮೀನಿಗಿಂತ ಇದು ದೊಡ್ಡ ಹಾನಿ.

ಇವತ್ತು ನಿಮ್ಮಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವರು ಟಿವಿ ಬಂದ್ ಮಾಡಿದರು. "ನನಗೆ ಹೇಳಿ ಏನಾಯ್ತು? ಅವನಿಗೆ ಹೇಳು" ಎಂದರು.

ಹೇಳಿದ್ದೇನೆ. ಎದುರು ಕೂತೂ ಹೇಳುತ್ತೇನೆ, ನೀನು ಏನಂದರೂ ಕೇಳಿಸಿಕೊಳ್ಳುತ್ತೇನೆ. ನಾಳೆ ಹನ್ನೊಂದಕ್ಕೆ ಕಲ್ಯಾಣದಲ್ಲಿರುತ್ತೇನೆ. ಅಲ್ಲಿಯವರೆಗೆ ಸ್ಕಿಮ್ಮರ್ ತರಲು ಅಂಗಡಿಗೆ ಹೊರಡಬೇಡ.