ಹಗ್ಗದಲ್ಲಿ ಉಳಿದ ಒಂದು ತಿರುವು

ಅನಂತಪುರದ ಕಾಲೇಜಿನಿಂದ ಕ್ರಿಸ್‌ಮಸ್ ರಜೆಗೆ ಕೌತಾಳಕ್ಕೆ ಬಂದ ದಿನವೇ ನನ್ನ ದಿನಚರಿಯ ಪುಟದಲ್ಲಿ ಮೇಲಿಂದ ಕೆಳಕ್ಕೆ ಒಂದು ಉದ್ದ ಗೆರೆ ಎಳೆದೆ. ಅದರ ಪಕ್ಕದಲ್ಲಿ, ನಿದ್ದೆ ಬಂದ ರಾತ್ರಿಗೆ ಒಂದು ಗೀಟು, ಬಾರದ ರಾತ್ರಿಗೆ ಸೊನ್ನೆ. ಹಾಸ್ಟೆಲಿಗೆ ಸೇರಿದಾಗಿನಿಂದ ನನಗೆ ನಿದ್ದೆ ಸರಿಯಿರಲಿಲ್ಲ, ಪರೀಕ್ಷೆ ಹತ್ತಿರ ಬಂದಂತೆ ಪೂರ್ತಿ ಕೆಟ್ಟಿತ್ತು. ಹತ್ತಿ ವ್ಯಾಪಾರದ ಅಪ್ಪ ನನ್ನ ಮುಖ ನೋಡಿಯೇ ತೀರ್ಮಾನ ಹೇಳಿದರು.

"ಸಂಕ್ರಾಂತಿ ತನಕ ನೋಡ್ತೀನಿ. ನಿದ್ದಿ ಬರ್ಲಿಲ್ಲಂದ್ರ ಓದು ಸಾಕು, ಅಂಗಡ್ಯಾಗ ಕುಂದ್ರು."

ಮೊದಲ ಏಳು ದಿನದಲ್ಲಿ ಎರಡು ಗೀಟು.

ಎಂಟನೆಯ ದಿನ ನನ್ನ ಗೆಳೆಯ ಬಂದು ಕರೆದ. ಅವನು ನಮ್ಮೂರ ಕುರಿ ಸಾಕುವ ಮನೆಯವನು. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಚಾಪೆಯವನು. ಊರ ಕಣದಲ್ಲಿ ಜಡೆ ಕೋಲಾಟಕ್ಕೆ ಒಬ್ಬ ಕಡಿಮೆಯಾಗಿದ್ದ.

"ನನಗ ಹೆಜ್ಜಿ ಬರೂದಿಲ್ಲಲೇ."

"ಎಣಿಸಾಕ ಬರ್ತದಲ್ಲ? ಬಾ. ನನ್ನ ಜೋಡಿ ನೀನೇ."

ಬೇವಿನ ಕೊಂಬೆಯಿಂದ ಎಂಟು ಹತ್ತಿ ಹಗ್ಗ ಇಳಿಬಿಟ್ಟಿರುತ್ತಾರೆ. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಕೋಲು. ಎದುರು ಜೋಡಿಯ ಕೋಲಿಗೆ ಕೋಲು ಹೊಡೆದು, ಒಬ್ಬರ ಹಗ್ಗದ ಕೆಳಗೆ ಒಬ್ಬರು ನುಸುಳಿ ಸುತ್ತು ಬಂದರೆ ಮೇಲೆ ಜಡೆ ಹೆಣೆಯುತ್ತದೆ. ಹೆಣೆದಷ್ಟೇ ಸುತ್ತು ತಿರುಗಿ ನಡೆದರೆ ಬಿಚ್ಚಿಕೊಳ್ಳುತ್ತದೆ. ಅವನು ಹಾಡಿನ ಮೇಲೆ ನಡೆಯುತ್ತಿದ್ದ, ನಾನು ಲೆಕ್ಕದ ಮೇಲೆ. ಹೇಗೋ ಇಬ್ಬರಿಗೂ ಹೊಂದಿತು. ಒಂಬತ್ತು ಸಂಜೆ ಆಡಿದೆವು. ಎಂಟು ಗೀಟು.

ಆಮೇಲೆ ಒಂದು ದಿನ, ನಮಗೆ ಕೋಲಾಟ ಕಲಿಸುತ್ತಿದ್ದ ಮುತ್ಯಾ, ಸಂಕ್ರಾಂತಿಗೆ ನಾಗಲದಿನ್ನೆ ಊರಿನವರೊಂದಿಗೆ ಪಂದ್ಯ ಗೊತ್ತಾಯಿತೆಂದರು. ಅದೇ ಕಣ, ಅದೇ ಹಗ್ಗ, ಅದೇ ಜೋಡಿ. ಆದರೂ ಐದು ದಿನದಲ್ಲಿ ಒಂದೇ ಗೀಟು. ಆಟ ನನಗೆ ಔಷಧವೋ ಕಾಯಿಲೆಯೋ ತಿಳಿಯದೆ ದಿನಚರಿಯ ಅಂಚಿನಲ್ಲಿ ಎರಡನ್ನೂ ಬರೆದು ಎರಡನ್ನೂ ಹೊಡೆದುಹಾಕಿದೆ.

ಪಂದ್ಯ ಅವರೂರಿನ ಹೊಳೆಯ ದಂಡೆಯಲ್ಲಿ, ಸಂಕ್ರಾಂತಿಯ ಮಧ್ಯಾಹ್ನ. ಇಪ್ಪತ್ನಾಲ್ಕು ಸುತ್ತು ಹೆಣೆದೆವು. ಜಡೆ ಚೆನ್ನಾಗಿ ಬಿತ್ತು. ಬಿಚ್ಚುವಾಗ ಇಪ್ಪತ್ನಾಲ್ಕು ಎಣಿಸಿ ನಾನು ನಿಂತೆ. ನಾನು ನಿಂತದ್ದು ನೋಡಿ ಎಲ್ಲರೂ ನಿಂತರು. ಮೇಲೆ ನೋಡಿದರೆ ನನ್ನ ಹಗ್ಗಕ್ಕೂ ಅವನ ಹಗ್ಗಕ್ಕೂ ನಡುವೆ ಒಂದು ತಿರುವು ಉಳಿದಿತ್ತು.

ನಾಗಲದಿನ್ನೆಯವರು ನಕ್ಕರು. "ಒರೇ, ಕಾಲೇಜಿನೋರು ಗಂಟು ಹಾಕ್ಯಾರ್ರೋ!"

ಮುತ್ಯಾ ನಮ್ಮಿಬ್ಬರನ್ನೂ ನೋಡಿದರು. "ಯಾರ್ದು?"

ನಾನು ಬಾಯಿ ತೆರೆಯುವ ಮೊದಲೇ ಅವನೆಂದ: "ನಂದು. ಹೆಜ್ಜಿ ತಪ್ಪಿತ್ರಿ."

ಆ ರಾತ್ರಿ ಮಲಗಿದವನು ಬೆಳಿಗ್ಗೆ ಬಿಸಿಲು ಕಾಲಿಗೆ ಬೀಳುವ ತನಕ ಏಳಲಿಲ್ಲ. ಸೋತ ದಿನ ಅಷ್ಟು ನಿದ್ದೆ ಏಕೆ ಬಂತೋ. ಗೀಟು ಹಾಕಿದೆ.

ಅಪ್ಪ ದಿನಚರಿ ಕೇಳಿದರು. ಎರಡು, ಎಂಟು, ಒಂದು, ಮತ್ತೆ ಒಂದು.

"ಇಪ್ಪತ್ತೆರಡು ದಿನಕ್ಕ ಹನ್ನೆರಡು," ಎಂದರು. "ಅರ್ಧಕ್ಕಿಂತ ಒಂದು ಹೆಚ್ಚೈತಿ. ಹೋಗು."

ಕಾಲೇಜಿಗೆ ಹೊರಟು ಇಬ್ಬರೂ ಆದೋನಿಯಲ್ಲಿ ರೈಲು ಹತ್ತಿದೆವು. ಗಾಡಿ ಹೊರಟ ಮೇಲೆ ಗೆಳೆಯನನ್ನು ಕೇಳಿದೆ: "ಖರೇ ಹೇಳು. ತಪ್ಪು ಯಾರ್ದು?"

"ನನಗೇನ್ ಗೊತ್ತಲೇ? ನಾ ಎಣಿಸಿಲ್ಲ."

"ಮತ್ತ ನಂದಂತ ಯಾಕಂದಿ?"

"ನಿಂದಂತ ಆಗಿದ್ರ ನೀ ಮಲಗ್ತಿದ್ದೇನು? ನಿಮ್ಮಪ್ಪ ಹೇಳಿದ್ದು ಊರಾಗ ಕೇಳಿದ್ದೆ ನಾ." ಕಿಟಕಿಯ ಹೊರಗೆ ನೋಡಿದ. "ನಾ ಮಾತ್ರ ಮಲಗಲಿಲ್ಲ. ಊರಾಗ ಎಲ್ಲಾರೂ ಅಂದ್ರು, ಕುರಿಯೋರ ಹುಡುಗ ಆಟ ಕೆಡಿಸ್ಯಾನ ಅಂತ."

ಹಾಗಾದರೆ ಆ ಹನ್ನೆರಡನೆಯ ಗೀಟು ನನ್ನದೋ ಅವನದೋ? ದಿನಚರಿ ತೆಗೆದೆ, ಅಳಿಸಬೇಕೋ ಬಿಡಬೇಕೋ ತಿಳಿಯಲಿಲ್ಲ. ಅವನು ಬಗ್ಗಿ ಪುಟ ನೋಡಿದ.

"ಇದ್ರಾಗ ನಂದೂ ಒಂದು ಗೆರಿ ಎಳಿ."

"ಯಾವಾಗಿಂದ?"

"ಹಾಸ್ಟೆಲಿಗೆ ಬಂದಾಗಿಂದ. ಬಾಳ ಸೊನ್ನಿ ಅದಾವ."

ಒಂದೂವರೆ ವರ್ಷ ನಾನು ಅವನ ಪಕ್ಕದ ಚಾಪೆಯಲ್ಲಿ ಎಚ್ಚರವಿದ್ದು ಅವನು ಮಲಗಿದ್ದಾನೆಂದೇ ತಿಳಿದಿದ್ದೆ. ಊರಿಗೆ ಬರುವ ತನಕ ಅವನೂ ನನ್ನ ಬಗ್ಗೆ ಹಾಗೇ ತಿಳಿದಿದ್ದನಂತೆ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಅವನ ಹಾಸಿಗೆ ಸುರುಳಿಯಿಂದ ಎರಡು ಜೊತೆ ಕೋಲು ಇಣುಕಿದವು.

"ಇವ್ಯಾಕಲೇ? ಅಲ್ಲಿ ಪಂದ್ಯಾ ಯಾರ್ ಇಡ್ತಾರ?"

"ಯಾರೂ ಇಡೂದಿಲ್ಲ ಅಂತನ ತಂದೀನಿ. ಸುಮ್ನ ಆಡಾಕ."

ಬೆಂಚಿನ ಮೇಲೆ ಕುಳಿತು ನನ್ನ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದೆ. ಪಂದ್ಯದ ರಾತ್ರಿಯ ಎದುರು ಅವನಿಗೆ ಸೊನ್ನೆ ಹಾಕಿದೆ. ನನ್ನ ಗೀಟನ್ನು ಅಳಿಸಲಿಲ್ಲ. ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.