ಹನ್ನೊಂದು ಎಂದು ಕೂಗಿದವನು

ಬಂಡಬರ್ಗ್ ಸೀಮೆಯ ರೈಲು ಹುಚ್ಚರಲ್ಲಿ ಲಯೋನೆಲ್ ಪ್ರ್ಯಾಟ್ಲಿಯದು ದೊಡ್ಡ ಹೆಸರು. ಹೊಟ್ಟೆಪಾಡಿಗೆ ಶಾಲೆಯ ಬಸ್ಸು ಓಡಿಸಿದ. ಭಾನುವಾರ ಬಂತೆಂದರೆ ಕಬ್ಬಿನ ಗದ್ದೆಗಳ ಹಿಂದೆ ತುಕ್ಕು ಹಿಡಿದ ಎಂಜಿನ್‌ಗಳನ್ನು ಹುಡುಕುತ್ತ ಅಲೆದ. ಹೆಂಡತಿ ಬಿಟ್ಟುಹೋದಳು, ಹುಚ್ಚು ಬಿಡಲಿಲ್ಲ.

ಈ ಸಲ ಲಂಟಾನ ಪೊದೆಯೊಳಗೆ ಸಿಕ್ಕಿದ್ದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಡಬ್ಬಿಗಳನ್ನು ಅತ್ತಿತ್ತ ಎಳೆಯುತ್ತಿದ್ದ ಹಳೇ ಡೀಸೆಲ್ ಶಂಟಿಂಗ್ ಎಂಜಿನ್. ನಂಬರಿನ ಫಲಕ ಇರಲಿಲ್ಲ; ಆದರೆ ಅಸಲಿ ನಂಬರು ಚಾಸಿಯ, ಅಂದರೆ ಅಡಿಗಟ್ಟಿನ, ಮೇಲೂ ಕೊರೆದಿರುತ್ತದೆ. ಗೆಳೆಯ ಕ್ಲೈವ್ ಚಾಸಿಯ ಬಣ್ಣ ಕೆರೆದು ನೋಡಲು ಬಗ್ಗಿದ. ಮೊದಲು ಕೂಗಿದವನಿಗೇ ಗುರುತಿಸಿದ ಕೀರ್ತಿ ಎಂಬುದು ಕ್ಲಬ್ಬಿನ ಪದ್ಧತಿ. ಚಕ್ರ ಜೋಡಿಸುವ ಕಬ್ಬಿಣದ ತೋಳಿನ ಮೇಲೆ ಹನ್ನೊಂದು ಎಂದು ಕೊರೆದದ್ದು ಲಯೋನೆಲ್‌ಗೆ ಕಂಡಿತು.

“ಹನ್ನೊಂದು! ಟ್ರಾಂಟರ್ ಓಡಿಸ್ತಿದ್ದ ಗಾಡಿ ಕಣೋ!”

“ತೋಳನ್ನ ನಂಬ್ಬೇಡಿ, ರಿಪೇರಿಲಿ ಒಂದ್ರದ್ದು ಇನ್ನೊಂದಕ್ಕೆ ಹಾಕ್ತಾರೆ ಅಂತ ನಮಗೆಲ್ಲ ಪಾಠ ಹೇಳಿದ್ದು ನೀನೇ ಅಲ್ವೇನಯ್ಯಾ?” ಎಂದ ಕ್ಲೈವ್.

“ಹೊಟ್ಟೆಕಿಚ್ಚು ಸಾಕು, ಫೋಟೋ ತೆಗಿ.”

ಫೋಟೋ ಊರೆಲ್ಲ ಸುತ್ತಿತು. ಟ್ರಾಂಟರ್‌ನ ವಿಧವೆ ಕೊರಲಿ ಗಂಡನ ಬೂದಿಯ ಕರಂಡಕ ಹಿಡಿದು ಬಂದಳು. ಡ್ರೈವರ್ ಸೀಟಿನ ಸುತ್ತ ಬೂದಿ ಉದುರಿಸಿ, ಸೀಟು ಸವರುತ್ತ ಅವನೊಂದಿಗೆ ಬಹಳ ಹೊತ್ತು ಮಾತಾಡಿದಳು. ಲಯೋನೆಲ್ ಟೋಪಿ ತೆಗೆದು ತಲೆ ತಗ್ಗಿಸಿದ್ದರೂ ಒಳಗೊಳಗೇ ಬೀಗುತ್ತಿದ್ದ.

ಮರುದಿನ ಒಬ್ಬನೇ ಹೋಗಿ ಚಾಸಿ ಉಜ್ಜುವಾಗ, ಬಣ್ಣದಡಿಯಿಂದ ನಾಲ್ಕು ಎಂಬ ಅಂಕಿ ಎದ್ದುಬಂತು. ಪಕ್ಕದಲ್ಲೇ ಬಣ್ಣದ ಡಬ್ಬಿ ಇತ್ತು. ಬ್ರಷ್ ಅದ್ದಿದ, ಅಂಕಿಯ ಅರ್ಧ ಮುಚ್ಚಿಯೂಬಿಟ್ಟ. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಹಸಿ ಬಣ್ಣವನ್ನು ಅಂಗಿಯ ತೋಳಿನಿಂದಲೇ ಒರೆಸಿ ಕೊರಲಿಯ ಮನೆಗೆ ಹೊರಟ.

“ಬಾರೋ ಲಯೋನೆಲ್! ಅಂಗಿಗೇನು ಬಳ್ಕೊಂಡಿದ್ದೀಯ?”

“ಕೊರಲಿ, ಅದು ಹನ್ನೊಂದಲ್ಲ. ನಾಲ್ಕು. ಕ್ಲೈವ್‌ಗಿಂತ ಮೊದಲು ಹೇಳ್ಬೇಕು ಅಂತ ನೋಡ್ದೇ ಕೂಗ್ಬಿಟ್ಟೆ.”

“ಹಾಗಾದ್ರೆ ಹನ್ನೊಂದು ಎಲ್ಲಿದೆ?”

“ನಾಲ್ಕು, ಹನ್ನೊಂದು, ಈ ಎರಡರಲ್ಲಿ ಒಂದು ಗುಜರಿಗೆ ಹೋಗಿ ಕರಗಿದೆ ಅಂತ ಮೊದಲೇ ಗೊತ್ತಿತ್ತು. ಹೋಗಿದ್ದು ಅದೇ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತಳು.

“ಶನಿವಾರ ಅವನ ಹುಟ್ಟುಹಬ್ಬ. ಅಪ್ಪನ ಗಾಡಿ ಸಿಕ್ತು ಅಂತ ಮಕ್ಕಳೆಲ್ಲ ದೇಶದ ಆ ತುದಿಯ ಪರ್ತ್‌ನಿಂದ ಹೊರಟಿದ್ದಾರೆ,” ಎಂದಳು. “ನನ್ನ ಬಾಯಲ್ಲಿ ಇದು ಬರಲ್ಲಪ್ಪ. ನೀನೇ ಬಂದು ಹೇಳು.”